ನಾಲಿಗೆಯ ಹಿಂದಿನ ಸಾಲು

ನಮ್ಮ ಮನೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಈರುಳ್ಳಿ ಹೆಚ್ಚುವಂತಿರಲಿಲ್ಲ. ಘಮಘಮಿಸುವ ಸೋಪು ಹಚ್ಚುವಂತಿರಲಿಲ್ಲ, ಬಟ್ಟೆಗೆ ಸೆಂಟು ಹೊಡೆದುಕೊಳ್ಳುವಂತಿರಲಿಲ್ಲ. ಅಷ್ಟೇಕೆ, ಅಪ್ಪ ಮಂಡಿನೋವಿನ ಮುಲಾಮು ತಿಕ್ಕಿಕೊಳ್ಳಬೇಕಾದರೂ ತಾರಸಿಗೆ ಹೋಗಬೇಕಿತ್ತು. ಇದೆಲ್ಲ ನನ್ನ ಸೋದರತ್ತೆಯ ನಾಲಿಗೆಯ ದೆಸೆಯಿಂದ. ಆ ಎರಡು ದಿನ ಅವಳಿಗೆ ರುಚಿ ನೋಡುವ ಕೆಲಸ. ಸಣ್ಣವಳಿದ್ದಾಗ ನಾನು ಅವಳಿಗೆ ಮಿಠಾಯಿ ಕಾರ್ಖಾನೆಯಲ್ಲಿ ಕೆಲಸವೆಂದು ತಿಳಿದು ಶಾಲೆಯ ತುಂಬ ಜಂಬ ಕೊಚ್ಚಿಕೊಂಡಿದ್ದೆ. ಅವಳಿದ್ದದ್ದು ಔಷಧದ ಕಾರ್ಖಾನೆಯಲ್ಲಿ. ನಿಜ ಗೊತ್ತಾದ ಮೇಲೆ ಒಂದು ವಾರ ಯಾರಿಗೂ ಮುಖ ತೋರಿಸಲಾಗಲಿಲ್ಲ.

ಅಲ್ಲಿ ಮಕ್ಕಳ ಸಿರಪ್ಪು ತಯಾರಾಗುತ್ತಿತ್ತು. ಲ್ಯಾಬಿನವರು ಅಪಾಯವಿಲ್ಲವೆಂದು ಸಹಿ ಹಾಕಿದ ಮೇಲೆ, ಮಕ್ಕಳು ಅದನ್ನು ಉಗುಳದೆ ನುಂಗುತ್ತಾರೆಯೇ ಎಂದು ಹೇಳಬೇಕಾದವಳು ಅತ್ತೆ. ಅವಳ ಕೋಣೆಗೆ ಬಿಳಿ ಗೋಡೆ, ಒಂದು ಸಿಂಕು, ಒಂದು ಮೇಜು. ಮೇಜಿನ ಮೇಲೆ ಉಗುರುಬೆಚ್ಚಗಿನ ನೀರು, ಸಪ್ಪೆ ಬ್ರೆಡ್ಡಿನ ಚೂರುಗಳು, ನಂಬರು ಬರೆದ ಪುಟ್ಟ ಬಟ್ಟಲುಗಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹತ್ತು ಎಣಿಸಬೇಕು, ಉಗುಳಬೇಕು, ಅಂಕ ಬರೆಯಬೇಕು, ಬ್ರೆಡ್ಡು ಅಗಿದು ಬಾಯಿ ತೊಳೆದು ಐದು ನಿಮಿಷ ಸುಮ್ಮನೆ ಕೂರಬೇಕು. ಆಮೇಲೆ ಮುಂದಿನ ಬಟ್ಟಲು. ಇಪ್ಪತ್ತೆರಡು ವರ್ಷ ಅವಳು ಹೀಗೆ ಜಗತ್ತಿನ ಕಹಿಯನ್ನೆಲ್ಲ ಬಾಯಲ್ಲಿಟ್ಟುಕೊಂಡು ಉಗುಳಿದ್ದಾಳೆ. ಕಾರ್ಖಾನೆಯವರು ಬೆನ್ನ ಹಿಂದೆ ಅವಳನ್ನು ಕಹಿಯಮ್ಮ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಅದರ ಮೇಲೆ ಸ್ವಲ್ಪ ಹೆಮ್ಮೆಯೂ ಇತ್ತು.

ಹಾಗೆಂದು ಕಹಿ ಮನುಷ್ಯಳಲ್ಲ. ಬಾಯಿ ಮಾತ್ರ ಜೋರು. ಗಂಡ, ಅಂದರೆ ನನ್ನ ಮಾವ, ತೀರಿಕೊಂಡ ಮೇಲೆ ತಮ್ಮನಾದ ನನ್ನ ಅಪ್ಪನ ಮನೆಗೆ ಬಂದಳು. ಬಂದ ದಿನವೇ ನೀರಿನ ಹೂಜಿಯಿಂದ ಒಂದು ಗುಟುಕು ಕುಡಿದು, "ಟ್ಯಾಂಕು ತೊಳೆಸಿ ಎಷ್ಟು ದಿನ ಆಯ್ತೋ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಎರಡು ತಿಂಗಳೆಂದ. "ನಾಲ್ಕು," ಎಂದಳು ಅತ್ತೆ. ಅಮ್ಮ ಅಡುಗೆಮನೆಯಿಂದಲೇ, "ನಾಲ್ಕೂವರೆ," ಎಂದಳು. ಅಲ್ಲಿಂದ ಮುಂದೆ ಅತ್ತಿಗೆ ನಾದಿನಿಯರು ಒಂದಾದರು, ಅಪ್ಪ ಒಬ್ಬಂಟಿಯಾದ.

ನಾಲಿಗೆಯ ವಿಷಯ ಬಂದರೆ ಅವಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ನನ್ನ ಶಾಲೆಯ ಪುಸ್ತಕದಲ್ಲಿ ನಾಲಿಗೆಯ ಚಿತ್ರವೊಂದಿತ್ತು, ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ, ಹಿಂದುಗಡೆ ಕಹಿ ಎಂದು ಹೊಲಗದ್ದೆ ಪಾಲು ಮಾಡಿದ ಹಾಗೆ ಗೆರೆ ಎಳೆದಿದ್ದರು. ಅತ್ತೆ ಅದನ್ನು ನೋಡಿ ನಕ್ಕಳು. "ಬರೆದೋನು ಸಕ್ಕರೇನ ನಾಲಿಗೆ ಪಕ್ಕದಲ್ಲಿ ಇಟ್ಟು ನೋಡಿಲ್ಲ ಕಣೇ. ಎಲ್ಲ ಕಡೇಗೂ ಎಲ್ಲ ರುಚೀನೂ ಗೊತ್ತಾಗತ್ತೆ. ಎಲ್ಲೋ ಚೂರು ಹೆಚ್ಚು, ಎಲ್ಲೋ ಚೂರು ಕಮ್ಮಿ." ನಾನು ಪರೀಕ್ಷೆಯಲ್ಲಿ ಅದನ್ನೇ ಬರೆದೆ. ಸೊನ್ನೆ ಬಂತು.

ಎರಡು ವರ್ಷದ ಹಿಂದೆ ಕಾರ್ಖಾನೆಗೆ ಹೊಸ ಕೆಮಿಸ್ಟ್ ಬಂದಳು. ಅತ್ತೆಯೂ ಸೇರಿ ರುಚಿ ನೋಡುವ ಐದು ಜನರ ನಾಲಿಗೆ ಎಂಥದ್ದೆಂದು ಅವಳಿಗೆ ತಿಳಿಯಬೇಕಿತ್ತಂತೆ. ಹತ್ತಿಯಲ್ಲಿ ನೀಲಿ ಬಣ್ಣ ಅದ್ದಿ ನಾಲಿಗೆಗೆ ಬಳಿದಳು. ಕಾಗದದಲ್ಲಿ ಸಣ್ಣದೊಂದು ರಂಧ್ರ ಮಾಡಿ ನಾಲಿಗೆಯ ತುದಿಗಿಟ್ಟು, ಭೂತಗನ್ನಡಿ ಹಿಡಿದು, ರಂಧ್ರದೊಳಗೆ ಕಾಣುವ ಚುಕ್ಕಿಗಳನ್ನು ಎಣಿಸಿದಳು. ನಾಲಿಗೆಯ ಮೇಲಿನ ಗುಂಡು ಗುಂಡು ಉಬ್ಬುಗಳಿಗೆ ನೀಲಿ ಅಷ್ಟಾಗಿ ಹತ್ತುವುದಿಲ್ಲ, ಸುತ್ತಲಿನದು ನೀಲಿಯಾಗಿ ಅವು ಮಾತ್ರ ಗುಲಾಬಿಯಾಗಿಯೇ ಉಳಿಯುತ್ತವೆ. ಉಳಿದವರಿಗೆ ಹದಿನೈದು, ಇಪ್ಪತ್ತು. ಅತ್ತೆಗೆ ಮೂವತ್ತೇಳು.

ಅವತ್ತು ಅವಳು ಮನೆಗೆ ಬಂದ ಗತ್ತನ್ನು ನೋಡಬೇಕಿತ್ತು. ಚಪ್ಪಲಿ ಬಿಡುವ ಮೊದಲೇ ನಾಲಿಗೆ ಚಾಚಿ ತೋರಿಸಿದಳು. ಇನ್ನೂ ನೀಲಿ ಹೋಗಿರಲಿಲ್ಲ.

"ಬಾಯಿ ಬಿಟ್ಟರೆ ಬಣ್ಣಗೇಡು ಅನ್ನೋ ಗಾದೆ ನಿನ್ನನ್ನ ನೋಡೇ ಮಾಡಿದ್ದು ಅತ್ತೆ," ಎಂದೆ.

"ಹೊಟ್ಟೆಕಿಚ್ಚು ನಿನಗೆ. ಈ ಚುಕ್ಕಿ ಇದಾವಲ್ಲ, ಇವೇ ರುಚಿಮೊಗ್ಗು ಅಲ್ಲವಂತೆ. ಮೊಗ್ಗುಗಳು ಇದರೊಳಗೆ ಇರ್ತಾವಂತೆ, ಕಣ್ಣಿಗೆ ಕಾಣಲ್ಲ. ಅವಕ್ಕೆ ಹತ್ತು ಹದಿನೈದು ದಿನ ಆಯಸ್ಸು. ಹಳೇವು ಸಾಯ್ತಾವೆ, ಹೊಸವು ಹುಟ್ತಾವೆ. ಅಂದ್ರೆ ಲೆಕ್ಕ ಹಾಕು, ನನ್ನ ನಾಲಿಗೇಗೆ ಎರಡು ವಾರದ ಪ್ರಾಯ!"

ಹೀಗೆ ಹೇಳಿ, ತಾನೇ ಇನ್ನೊಮ್ಮೆ ಎಣಿಸಿ ನೋಡುತ್ತೇನೆಂದು ಟಾರ್ಚು ಹಿಡಿದುಕೊಂಡು ಬಚ್ಚಲಮನೆಯ ಕನ್ನಡಿಯ ಮುಂದೆ ಹೋದಳು. ಅರ್ಧ ಗಂಟೆಯಾದರೂ ಬಾಗಿಲು ತೆರೆಯಲಿಲ್ಲ. ಹೊರಗೆ ಬಂದಾಗ ಬಾಯಿ ಬಿಗಿದಿದ್ದಳು. "ಎಷ್ಟಿತ್ತು?" ಎಂದರೆ, "ಕಣ್ಣು ಸರಿ ಕಾಣಲ್ಲ," ಎಂದು ಕೋಣೆಗೆ ಹೋದಳು.

ಅವಳು ಕನ್ನಡಿಯಲ್ಲಿ ಏನು ನೋಡಿದಳೆಂದು ನಮಗೆ ಗೊತ್ತಾದದ್ದು ಏಳು ವಾರ ಕಳೆದ ಮೇಲೆ. ಎಣಿಸುವ ಹುರುಪಿನಲ್ಲಿ ನಾಲಿಗೆಯನ್ನು ಹಿಂದೆಂದೂ ಚಾಚದಷ್ಟು ಚಾಚಿದ್ದಾಳೆ. ಬೆಳಕು ಗಂಟಲಿನ ಬಳಿಗೆ ಬಿದ್ದಿದೆ. ಅಲ್ಲಿ ನಾಲಿಗೆಯ ಬುಡದಲ್ಲಿ, ತುದಿಯ ಚುಕ್ಕಿಗಳಿಗಿಂತ ಎಷ್ಟೋ ದಪ್ಪದ ಗುಳ್ಳೆಗಳು. ಒಂದಲ್ಲ ಎರಡಲ್ಲ, ಒಂದು ಸಾಲೇ. ಒಂದೊಂದರ ಸುತ್ತಲೂ ನೀಲಿ ಬಣ್ಣ ಉಂಗುರದ ಹಾಗೆ ನಿಂತಿತ್ತಂತೆ.

ಮಾವನಿಗೆ ಶುರುವಾದದ್ದೂ ಅಲ್ಲೇ, ನಾಲಿಗೆಯ ಬುಡದಲ್ಲಿ. ಮಾವ ಗಡಿಯಾರ ರಿಪೇರಿಯವನು, ಬಾಯಲ್ಲಿ ಸದಾ ಹೊಗೆಸೊಪ್ಪು. ಒಂದು ಗಂಟು, ಅದರ ಮೇಲೊಂದು ಮಾಯದ ಹುಣ್ಣು. ತೋರಿಸಲು ಹೋದ, ನಾಲಿಗೆಯ ಮುಕ್ಕಾಲು ಪಾಲನ್ನು ಕತ್ತರಿಸಿದರು. ಅದಾದ ಮೇಲೆ ಹದಿನಾಲ್ಕು ತಿಂಗಳು ಬದುಕಿದ್ದ. ಮಾತಿಲ್ಲ, ಊಟವೆಲ್ಲ ಮೂಗಿನ ನಳಿಗೆಯಲ್ಲಿ. ಆ ತೆಳ್ಳನೆಯ ಗಂಜಿಯನ್ನು ನಳಿಗೆಗೆ ಬಿಡುವ ಮೊದಲು ಅತ್ತೆ ಒಂದು ಚಮಚ ತಾನು ಬಾಯಿಗೆ ಹಾಕಿಕೊಂಡು, "ಇವತ್ತು ಚೂರು ಉಪ್ಪು ಮುಂದಿದೆ, ಕೊನೇಲಿ ಹಾಲಿನ ಸಿಹಿ ಬರತ್ತೆ," ಎಂದು ವಿವರವಾಗಿ ಹೇಳುತ್ತಿದ್ದಳು. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನು ತೀರಿಕೊಂಡ ದಿನ ಅವಳು ಮನಸ್ಸಿನಲ್ಲೇ ಒಂದು ಶಪಥ ಮಾಡಿದ್ದಳಂತೆ. ಪ್ರಾಣ ಹೋದರೂ ಸರಿ, ತನ್ನ ನಾಲಿಗೆಯನ್ನು ಯಾರ ಕತ್ತರಿಗೂ ಕೊಡುವುದಿಲ್ಲವೆಂದು.

ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ. ಅತ್ತೆ ಆ ಸಾಲನ್ನು ನೋಡಿದಳು, ತನಗೂ ಬಂತೆಂದುಕೊಂಡಳು, ಡಾಕ್ಟರ ಹತ್ತಿರ ಹೋಗುವುದಿಲ್ಲವೆಂದು ತೀರ್ಮಾನಿಸಿದಳು, ಬಾಯಿ ಮುಚ್ಚಿದಳು. ಎಲ್ಲವೂ ಆ ಅರ್ಧ ಗಂಟೆಯಲ್ಲೇ.

ಆ ಏಳು ವಾರ ನನಗೆ ತಿಳಿದದ್ದು ಇಷ್ಟೇ, ಅತ್ತೆಗೆ ನನ್ನ ಮೇಲೆ ಕೋಪ. ಬಣ್ಣಗೇಡು ಎಂದು ಆಡಿಕೊಂಡದ್ದು ನಾಟಿರಬೇಕು ಎಂದುಕೊಂಡೆ. ಅವಳು ನಗುವುದನ್ನು ಬಿಟ್ಟಳು, ನಗು ಬಂದರೆ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನಮ್ಮೊಂದಿಗೆ ಉಣ್ಣುವುದನ್ನು ಬಿಟ್ಟಳು. ಕಾರ್ಖಾನೆಗೆ ರಜೆ ಬರೆದು ಹಾಕಿದಳು. ಒಂದು ದಿನ ತನ್ನ ಉಣ್ಣೆಯ ಶಾಲನ್ನು ಅಮ್ಮನಿಗೆ ಕೊಟ್ಟಳು. ಇನ್ನೊಂದು ದಿನ ಮಾವ ತನ್ನ ಕೈಯಾರೆ ಜೋಡಿಸಿಕೊಟ್ಟಿದ್ದ ಕೈಗಡಿಯಾರವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ನಾನು ಎಂಥ ಮೊದ್ದು ಎಂದರೆ, ಅದನ್ನು ರಾಜಿಯ ಸೂಚನೆ ಎಂದುಕೊಂಡು ಕಟ್ಟಿಕೊಂಡು ಓಡಾಡಿದೆ. ಈಗಲೂ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಒಂದು ಸಲ ಸಿಟ್ಟಿಗೆದ್ದು ಕೇಳಿಯೂ ಬಿಟ್ಟೆ. "ಏನತ್ತೆ, ಮೌನವ್ರತಾನಾ? ಏನಾಗಿದೆ ಬಾಯಿಬಿಟ್ಟು ಹೇಳಬಾರದಾ?"

"ಬಾಯಿಬಿಟ್ಟು ಹೇಳೋಂಥದ್ದು ಏನಿಲ್ಲ. ನಿನ್ನ ಕೆಲಸ ನೋಡಿಕೋ ಹೋಗೇ," ಎಂದಳು. ಹೋಗೇ ಎನ್ನುವಾಗಲೂ ತುಟಿಯನ್ನು ಬೇಕಾದಷ್ಟೇ ತೆರೆದಳು.

ಅವಳು ಬಿಡದೆ ಮಾಡುತ್ತಿದ್ದ ಕೆಲಸ ಒಂದೇ, ಕೆಳಮನೆಯ ಪಿಟೀಲಿಗೆ ಔಷಧ ಕುಡಿಸುವುದು. ಪಿಟೀಲು ಎಂದರೆ ಕೆಳಗೆ ಬಾಡಿಗೆಗಿದ್ದವರ ಐದು ವರ್ಷದ ಮಗಳು. ಅಳಲು ಹಿಡಿದರೆ ಸಣ್ಣಗೆ, ಎತ್ತರಕ್ಕೆ, ನಿಲ್ಲದೆ ಎಳೆಯುತ್ತಾಳೆ. ಹಾಗಾಗಿ ಅಪ್ಪ ಇಟ್ಟ ಹೆಸರು. ಅವಳಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಬೆಳಗ್ಗೆಯದೊಂದು ಚಮಚ, ಮಧ್ಯಾಹ್ನ ನಾಲ್ಕಕ್ಕೆ ಒಂದು ಚಮಚ ತಪ್ಪುವಂತಿರಲಿಲ್ಲ. ತಾಯಿಗೆ ಇಸ್ತ್ರಿ ಅಂಗಡಿಯಲ್ಲಿ ಸಂಜೆಯವರೆಗೆ ಕೆಲಸ, ಅದಕ್ಕೇ ನಾಲ್ಕು ಗಂಟೆಯ ಚಮಚ ಅತ್ತೆಯ ಪಾಲಿಗೆ. ಅದು ಅತ್ತೆಯ ಕಾರ್ಖಾನೆಯ ಔಷಧವಲ್ಲ. "ನಮ್ಮದಾಗಿದ್ರೆ ಇದನ್ನ ನಾನು ಬಾಗಿಲು ದಾಟೋಕೆ ಬಿಡ್ತಿರಲಿಲ್ಲ," ಎನ್ನುತ್ತಿದ್ದಳು. ಕೆಂಪು ಕೆಂಪಾಗಿ ನೋಡಲು ಚೆಂದ, ನಾಲಿಗೆಗೆ ತಾಗಿದರೆ ಜೀವಮಾನದ ವೈರ.

ಅತ್ತೆಯ ಹತ್ತಿರ ಉಪಾಯಗಳಿಗೆ ಬರವಿರಲಿಲ್ಲ. ಮೊದಲು ಒಂದು ಚೂರು ಐಸು ಚೀಪಲು ಕೊಡುತ್ತಿದ್ದಳು, ತಣ್ಣಗಾದ ನಾಲಿಗೆಗೆ ಕಹಿ ಅಷ್ಟಾಗಿ ಹತ್ತುವುದಿಲ್ಲ. ಚಮಚವನ್ನು ನಾಲಿಗೆಯ ನಡುವೆ ಇಡದೆ ಕೆನ್ನೆಯ ಒಳಗೆ ಸುರಿಯುತ್ತಿದ್ದಳು. ಮೂಗು ಹಿಡಿಸುತ್ತಿದ್ದಳು. ಡಾಕ್ಟರರನ್ನು ಕೇಳಿಕೊಂಡು ಎರಡೇ ಹರಳು ಉಪ್ಪು ಬೆರೆಸುತ್ತಿದ್ದಳು. "ಸಕ್ಕರೆ ಬರೀ ಕಹಿ ಮೇಲೆ ಹೊದಿಕೆ ಹೊದಿಸತ್ತೆ. ಉಪ್ಪು ಹಾಗಲ್ಲ, ಕಹಿ ಬಾಯೇ ಮುಚ್ಚಿಸತ್ತೆ," ಎನ್ನುವಳು. ಪಿಟೀಲು ಇದೆಲ್ಲಕ್ಕಿಂತ ಒಂದು ಕೈ ಮೇಲು. ಔಷಧವನ್ನು ದವಡೆಯಲ್ಲಿ ಇಟ್ಟುಕೊಂಡು, ಮುದ್ದಾಗಿ ನಕ್ಕು, ಮೆಟ್ಟಿಲ ಪಕ್ಕದ ಹೂಕುಂಡಕ್ಕೆ ಉಗುಳಿ ಬರುತ್ತಿದ್ದಳು. ಗಿಡ ಚೆನ್ನಾಗಿಯೇ ಬೆಳೆಯಿತು, ಮಗುವಿಗೆ ಮಾತ್ರ ಒಂದು ದಿನ ಮೂರ್ಛೆ ಬಂತು. ಅಂದಿನಿಂದ ಅತ್ತೆ ಪ್ರತಿ ಚಮಚದ ನಂತರ, "ಆ ಅನ್ನು," ಎಂದು ಟಾರ್ಚು ಬಿಟ್ಟು ದವಡೆ ನೋಡುತ್ತಿದ್ದಳು.

ಏಳನೆಯ ವಾರದ ಶನಿವಾರ ನಾನು ಮನೆಯಲ್ಲೇ ಇದ್ದೆ, ಕಿಟಕಿಯ ಪಕ್ಕ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಪಿಟೀಲು ಔಷಧ ಬಾಯಿಗೆ ಹಾಕಿಕೊಂಡು ತುಟಿ ಹೊಲಿದುಕೊಂಡಳು. ನುಂಗಲೊಲ್ಲಳು, ಉಗುಳಲು ಅತ್ತೆ ಬಿಡಲೊಲ್ಲಳು. ಎರಡು ಮೂರು ನಿಮಿಷ ಇಬ್ಬರೂ ದುರುಗುಟ್ಟಿಕೊಂಡು ಕೂತರು. ಕೊನೆಗೆ ಪಿಟೀಲೇ ಸೋತು ನುಂಗಿದಳು. ಆದರೆ ಸೋತ ಸಿಟ್ಟು ಎಲ್ಲಿಗೆ ಹೋಗಬೇಕು?

"ಆ ಅನ್ನು ನೋಡೋಣ."

ಪಿಟೀಲು ಆ ಎನ್ನಲಿಲ್ಲ. ಎರಡೂ ಕೈಯಲ್ಲಿ ಕಿವಿ ಎಳೆದುಕೊಂಡು, ಕಣ್ಣು ಕಿಸಿದು, ನಾಲಿಗೆಯನ್ನು ಬುಡದಿಂದ ಗದ್ದದವರೆಗೆ ಚಾಚಿ, "ಏಏಏ" ಎಂದು ಅಣಕಿಸಿದಳು. ಟಾರ್ಚಿನ ಬೆಳಕು ನೇರವಾಗಿ ಒಳಗೆ ಬಿತ್ತು.

ನನಗೆ ಕೇಳಿಸಿದ್ದು ಟಾರ್ಚು ನೆಲಕ್ಕೆ ಬಿದ್ದ ಸದ್ದು. ತಿರುಗಿ ನೋಡಿದರೆ ಅತ್ತೆಯ ಮುಖದಲ್ಲಿ ರಕ್ತವಿಲ್ಲ. ಮಗುವಿನ ನಾಲಿಗೆಯ ಬುಡದಲ್ಲೂ ಅದೇ ಗುಳ್ಳೆಗಳ ಸಾಲು, ಒಂದೊಂದರ ಸುತ್ತಲೂ ಕೆಂಪು ಔಷಧ ಉಂಗುರ ಕಟ್ಟಿ ನಿಂತಿತ್ತು. ಆಗ ಅದು ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದು ಇಷ್ಟು. ಐವತ್ತೆಂಟು ವರ್ಷದ ಹೆಂಗಸು, ಮೆಟ್ಟಿಲು ಇಳಿಯಲು ಕಂಬಿ ಹಿಡಿಯುವವಳು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಪ್ಪನ ಹಳೆಯದು ಹಾಕಿಕೊಂಡು ದಡದಡ ಇಳಿದು ಓಡಿದಳು. ನಾನು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತೆಸೆದು ಹಿಂದೆ ಓಡಿದೆ. ಮೂರ್ಛೆ ಬಂತೆಂದುಕೊಂಡೆ. ಆದರೆ ಪಿಟೀಲು ಅವಳ ಹೆಗಲ ಮೇಲಿಂದ ನನ್ನನ್ನು ನೋಡಿ ಖುಷಿಯಿಂದ ಕೈಬೀಸುತ್ತಿದ್ದಳು.

ಎರಡು ಬೀದಿ ಆಚೆ ಪಿಟೀಲಿಗೆ ಔಷಧ ಬರೆದುಕೊಟ್ಟ ಡಾಕ್ಟರಮ್ಮನ ಕ್ಲಿನಿಕ್ಕು. ಬಾಗಿಲಲ್ಲಿ ಆರೇಳು ಜನ ಕಾಯುತ್ತಿದ್ದರು. ಸಾಲು ಮುರಿಯುವವರನ್ನು ಕಂಡರೆ ಉರಿದುಬೀಳುವ ಅತ್ತೆ ಅವರನ್ನೆಲ್ಲ ತಳ್ಳಿಕೊಂಡು ಒಳಗೆ ನುಗ್ಗಿದಳು. ನಾನು ಹಿಂದಿನಿಂದ ಎಲ್ಲರಿಗೂ ಕೈಮುಗಿಯುತ್ತ ಹೋದೆ.

"ಡಾಕ್ಟ್ರೇ, ಮಗೂಗೆ ಬಂದುಬಿಟ್ಟಿದೆ," ಎಂದಳು. ಓಡಿ ಬಂದು ಏದುತ್ತಿದ್ದಳು. "ನಾಲಿಗೆ ಬುಡದಲ್ಲಿ. ನಾನೇ ನೋಡಿದೆ. ನನ್ನಿಂದಲೇ ಹತ್ತಿತೋ ಏನೋ, ನನಗೂ ಇದೆ, ಒಂದೂವರೆ ತಿಂಗಳಾಯ್ತು, ಯಾರಿಗೂ ಹೇಳಿಲ್ಲ. ನನ್ನದು ಬೇಕಾದ್ರೆ ತೆಗೀರಿ. ಪೂರ್ತಿ ತೆಗೀರಿ, ಇವತ್ತೇ ತೆಗೀರಿ. ಇದರದ್ದು ಮುಟ್ಟಬೇಡಿ. ಇನ್ನೂ ಐದು ವರ್ಷ ಡಾಕ್ಟ್ರೇ, ಇನ್ನೂ ಏನೂ ರುಚಿ ನೋಡಿಲ್ಲ ಅದು."

ಏಳು ವಾರದ ಮೌನ ಒಡೆದದ್ದು ಹೀಗೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಶಾಲು, ಗಡಿಯಾರ, ಸೆರಗು, ಬೇರೆ ಊಟ ಎಲ್ಲವೂ ಒಂದೇ ಸಲ ಅರ್ಥವಾಯಿತು.

ಡಾಕ್ಟರಮ್ಮ ಗಾಬರಿಯಾಗಲಿಲ್ಲ, ನಗಲೂ ಇಲ್ಲ. ಮಗುವಿನ ಬಾಯಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಇಲ್ಲಿ ಕೂತ್ಕೊಳ್ಳಿ, ನಾಲಿಗೆ ಚಾಚಿ," ಎಂದು, ಕೈಯಲ್ಲಿದ್ದ ಟಾರ್ಚನ್ನು ಅತ್ತೆಗೆ ಕೊಟ್ಟರು. "ನೋಡಿ ಅಮ್ಮ. ಏನು ಕಾಣತ್ತೆ?"

ಅತ್ತೆ ಬಗ್ಗಿ ನೋಡಿದಳು. ಬೆಳಕು ನನ್ನ ಮೂಗಿಗೂ ಹಲ್ಲಿಗೂ ಬಡಿದಾಡಿತು. "ಇವಳಿಗೂ ಇದೆ," ಎಂದಳು, ಪಿಸುದನಿಯಲ್ಲಿ.

"ನನಗೂ ಇದೆ. ಹೊರಗೆ ಕೂತಿರೋ ಎಲ್ಲರಿಗೂ ಇದೆ. ಇದು ರೋಗ ಅಲ್ಲ ಅಮ್ಮ, ಇದೇ ನಾಲಿಗೆ. ಎಂಟೋ ಹತ್ತೋ ಹನ್ನೆರಡೋ ಇರ್ತಾವೆ, ಹಾರೋ ಹಕ್ಕಿಗಳ ಸಾಲಿನ ಹಾಗೆ ನಡುವೆ ಮೂಲೆ ಮಾಡ್ಕೊಂಡು ಕೂತಿರ್ತಾವೆ. ಒಂದೊಂದರ ಸುತ್ತಲೂ ಸಣ್ಣ ಕಾಲುವೆ. ಆ ಕಾಲುವೆ ಗೋಡೇಲಿ ನೂರಾರು ರುಚಿಮೊಗ್ಗು. ನೀವು ಬಾಯಿಗೆ ಹಾಕಿದ್ದು ಆ ಕಾಲುವೆಗೆ ಇಳಿಯತ್ತೆ, ರುಚಿ ಗೊತ್ತಾಗತ್ತೆ. ಆಮೇಲೆ ಅಡಿಯಿಂದ ನೀರೂರಿ ತೊಳೆದುಹೋಗತ್ತೆ. ಹಾಗಾಗಿಯೇ ಬಣ್ಣ ಅಲ್ಲಿ ನಿಂತಿದ್ದು."

ಅತ್ತೆ ಇನ್ನೊಮ್ಮೆ ನನ್ನ ಬಾಯಿಗೆ ಬೆಳಕು ಬಿಟ್ಟು ನೋಡಿದಳು. ಇಪ್ಪತ್ತೆರಡು ವರ್ಷ ಅವಳ ಅನ್ನ ಸಂಪಾದಿಸಿಕೊಟ್ಟವು ಅವೇ. ಒಂದು ದಿನವೂ ಮುಖಾಮುಖಿ ಆಗಿರಲಿಲ್ಲ ಅಷ್ಟೇ.

"ಈಗ ನಿಮ್ಮದು ತೋರಿಸಿ," ಎಂದರು ಡಾಕ್ಟರಮ್ಮ. ಅತ್ತೆ ಬಾಯಿ ತೆಗೆದಳು. ಅವರು ಗ್ಲೌಸು ಹಾಕಿದ ಬೆರಳಿನಿಂದ ನಾಲಿಗೆಯ ಅಂಚು, ಅಡಿ, ಕೆನ್ನೆಯ ಒಳಮೈ, ಕತ್ತಿನ ಎರಡು ಪಕ್ಕ ಎಲ್ಲವನ್ನೂ ನಿಧಾನವಾಗಿ ಮುಟ್ಟಿ ನೋಡಿದರು. ಏನೂ ಇರಲಿಲ್ಲ. "ಎರಡು ಮೂರು ವಾರ ಆದ್ರೂ ಮಾಯದ ಹುಣ್ಣು, ಒಂದೇ ಕಡೆ ಗಟ್ಟಿ ಗಂಟು, ಬಿಳಿ ಅಥವಾ ಕೆಂಪು ಮಚ್ಚೆ. ಇಂಥದ್ದು ಕಂಡರೆ ಅವತ್ತೇ ಬನ್ನಿ. ಬೇಗ ಬಂದಷ್ಟೂ ಕತ್ತರಿಸೋದು ಕಮ್ಮಿ. ಹೆದರಿಕೊಂಡು ಮನೇಲಿ ಕೂರೋದೇ ಅಪಾಯ," ಎಂದರು. ಅತ್ತೆ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು.

ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದವಳು ಕ್ಲಿನಿಕ್ಕಿನ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಈಗ ನಗುತ್ತಾಳೆ, ಅಥವಾ ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಅವಳು ಅಳಲು ಶುರುಮಾಡಿದಳು. ಮಾವ ಹೋದಾಗಲೂ ನಾನು ಅವಳನ್ನು ಹಾಗೆ ಬಾಯಿಬಿಟ್ಟು ಅಳುವುದನ್ನು ನೋಡಿರಲಿಲ್ಲ.

"ಅವರಿಗೂ ಇದ್ದವು ಅಲ್ವೇನೇ ಇವು," ಎಂದಳು. "ಇಪ್ಪತ್ತಾರು ವರ್ಷ ಸಂಸಾರ ಮಾಡಿದೆ. ಊರ ಮಕ್ಕಳ ಬಾಯಿಗೆಲ್ಲ ರುಚಿ ನೋಡಿದೆ. ಮನೇಲಿರೋ ಗಂಡನ ಬಾಯಿ ತೆಗೆಸಿ ಒಂದು ದಿನ ನೋಡಲಿಲ್ಲ. ನಾಲಿಗೆ ಉರಿಯತ್ತೆ ಅಂತ ಎಷ್ಟು ಸಲ ಹೇಳಿದ್ರು, ಖಾರ ಕಮ್ಮಿ ತಿನ್ನಿ ಅಂದೆ. ನಾನು ನೋಡಿದ್ದು ಎಲ್ಲ ಮುಗಿದ ಮೇಲೆ. ಅಷ್ಟೊತ್ತಿಗೆ ನೋಡೋಕೆ ನಾಲಿಗೆಯೇ ಇರಲಿಲ್ಲ."

ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಪಿಟೀಲು ಅವಳ ಮಡಿಲಲ್ಲಿ ಕೂತು, ಅತ್ತೆಯ ಬಾಯೊಳಗೆ ಇಣುಕಿ ಇಣುಕಿ ನೋಡಿ, "ಇಷ್ಟು ದೊಡ್ಡೋರು ಅಳಬಾರದು, ನಾನು ನಾಳೆಯಿಂದ ಉಗುಳಲ್ಲ," ಎಂದಳು. ತನ್ನಿಂದಲೇ ಇದೆಲ್ಲ ಆದದ್ದೆಂದು ಅವಳ ತಿಳಿವಳಿಕೆ. ಆ ಮಾತನ್ನು ಮೂರು ದಿನ ಉಳಿಸಿಕೊಂಡಳು ಕೂಡ.

ಸಂಜೆ ಅಪ್ಪ ಕೆಲಸ ಮುಗಿಸಿ ಬಂದ. ಅಮ್ಮ ನಡೆದದ್ದನ್ನೆಲ್ಲ ಬಾಗಿಲಲ್ಲೇ ಹೇಳಿದ್ದಳೆಂದು ಕಾಣುತ್ತದೆ, ಒಳಗೆ ಬಂದವನು ಏನೂ ಕೇಳಲಿಲ್ಲ. ಚಪ್ಪಲಿ ಬಿಡುವಾಗ ತನ್ನ ಹಳೆಯ ಜೋಡಿಯ ಒಂದು ಚಪ್ಪಲಿ ಅತ್ತೆಯದರ ಪಕ್ಕಕ್ಕೆ ಹೇಗೆ ಬಂತೆಂದೂ ವಿಚಾರಿಸಲಿಲ್ಲ. ಕುರ್ಚಿಯಲ್ಲಿ ಕೂತು ನೀರು ಕುಡಿದ. ಅತ್ತೆ ಟಾರ್ಚು ಹಿಡಿದು ಅವನ ಎದುರಿಗೆ ಬಂದು ನಿಂತಳು.

"ಬಾಯಿ ತೆಗಿಯೋ."

"ಏನಕ್ಕ ಇದು, ಕುದುರೆ ಕೊಳ್ಳೋರು ಹಲ್ಲು ನೋಡೋ ಹಾಗೆ!"

"ತೆಗಿ ಅಂದೆ."

ಅಪ್ಪ ಬಾಯಿ ತೆಗೆದ. ಅತ್ತೆ ಎಡಗೈಯಲ್ಲಿ ಅವನ ಗದ್ದ ಹಿಡಿದು, ಬೆಳಕನ್ನು ಸಮೀಪಕ್ಕೆ ತಂದು, ನಾಲಿಗೆಯನ್ನು ಆ ಪಕ್ಕ ಈ ಪಕ್ಕ ಸರಿಸಿ, ಮೇಲಕ್ಕೆತ್ತಿಸಿ, ಅಡಿಯಲ್ಲಿ ನೋಡಿದಳು. ಕೆನ್ನೆಯ ಒಳಗೆ ನೋಡಿದಳು. ಅವಸರ ಮಾಡಲಿಲ್ಲ. ಬುಡದ ಸಾಲನ್ನು ತುಟಿ ಅಲುಗಿಸುತ್ತ ಎಣಿಸಿದಳು, ತಪ್ಪಿತೆಂದು ಮತ್ತೆ ಮೊದಲಿನಿಂದ ಎಣಿಸಿದಳು. ಅಪ್ಪನ ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಾಯಿ ಹೆಚ್ಚು ಹೊತ್ತು ತೆರೆದಿದ್ದರೆ ಹಾಗಾಗುತ್ತದೆಂದು ಆಮೇಲೆ ನನಗೆ ಹೇಳಿದ. ಯಾವ ಮಾತಿಗೂ ಐದು ನಿಮಿಷ ಸುಮ್ಮನಿರದ ಮನುಷ್ಯ, ಅಕ್ಕ "ಸಾಕು, ಮುಚ್ಚು" ಎನ್ನುವವರೆಗೂ ಅಲುಗಾಡಲಿಲ್ಲ.